ಮಂಗನ ಕಾಯಿಲೆ ಸಂಶೋಧನೆಗೆ ರಕ್ತ ಕೇಳಲು ಬಂದಿದ್ದಾರೆ, ಕೊಡಬೇಕಾ?

ಕೊಟ್ಟಿಗೆಮನೆ

ನಮಸ್ಕಾರ ಎಲ್ಲರಿಗೂ. ಹೊಸನಗರ ತಾಲೂಕಿನ ಒಳಗಿನ ಹಳ್ಳಿಯವನು ನಾನು. ಈ ವಾರ ನಮ್ಮ ಆಶಾ ಅಕ್ಕನ ಜೊತೆ ಒಂದು ಸಂಶೋಧನಾ ತಂಡ ಊರಿಗೆ ಬಂದಿತ್ತು. ಕಾಡಿನ ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ ಬಗ್ಗೆ ಅಧ್ಯಯನವಂತೆ. ಮನೆಯಲ್ಲಿ ಇಬ್ಬರ ರಕ್ತ ಬೇಕು, ದನದ ಮೈಮೇಲಿನ ಉಣುಗು ಬೇಕು, ಕಾಡಿಗೆ ಎಷ್ಟು ಸಲ ಹೋಗುತ್ತೀರಿ, ದರಗು (ಒಣಗಿದ ಎಲೆ) ಎಲ್ಲಿಂದ ತರುತ್ತೀರಿ ಎಂದು ಉದ್ದದ ಪ್ರಶ್ನೆಪಟ್ಟಿ ಬೇರೆ.

ಅಪ್ಪಯ್ಯ ಖಡಾಖಂಡಿತ ಬೇಡ ಅಂದರು. "ನಾನು ಸಣ್ಣವನಿದ್ದಾಗಿಂದ ಬರ್ತಾ ಇದ್ದಾರೆ. ರಕ್ತ ತಗೊಂಡು ಹೋಗ್ತಾರೆ, ವಾಪಸ್ ಬಂದು ಏನಾಯ್ತು ಅಂತ ಹೇಳಿದವರು ಒಬ್ಬರೂ ಇಲ್ಲ" ಎನ್ನುವುದು ಅವರ ವಾದ. ಅಮ್ಮನಿಗೆ ಕೊಡೋಣ ಅಂತ ಇದೆ. ತಂಡದವರು ಒಳ್ಳೆಯವರೇ, ಒತ್ತಾಯ ಮಾಡಲಿಲ್ಲ. ಮುಂದಿನ ವಾರ ಮತ್ತೆ ಬರುತ್ತೇವೆ ಎಂದು ಎರಡು ಹಾಳೆಯ ಕಾಗದ ಕೊಟ್ಟು ಹೋದರು. ಸಂಸ್ಥೆಯ ಹೆಸರು ಇಲ್ಲಿ ಹಾಕುವುದಿಲ್ಲ, ಅದರ ಬಗ್ಗೆ ದೂರೇನೂ ಇಲ್ಲ.

ನನ್ನ ಪ್ರಶ್ನೆ ಇಷ್ಟೇ. ಕೊಟ್ಟರೆ ನಮಗೇನು? ಕೊಡದಿದ್ದರೆ ನಾಳೆ ಜ್ವರ ಬಂದಾಗ ಆಸ್ಪತ್ರೆಯಲ್ಲಿ ತೊಂದರೆ ಆಗುತ್ತದಾ? ತಿಳಿದವರು ಹೇಳಿ.

ಶರಾವತಿ ಹಿನ್ನೀರು

ನಿಮ್ಮ ಅಪ್ಪಯ್ಯ ಹೇಳಿದ್ದು ಸರಿ ಇದೆ. ನಾನು ಅರಳಗೋಡು ಕಡೆಯವನು. 2018-19ರಲ್ಲಿ ನಮ್ಮಲ್ಲಿ ಆದದ್ದು ಎಲ್ಲರಿಗೂ ಗೊತ್ತು. ತೋಟದಲ್ಲಿ ಮಂಗ ಸತ್ತು ಬಿದ್ದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮನುಷ್ಯರು ಸಾಯಲು ಶುರುವಾದ ಮೇಲೆ ಕಾರುಗಳು ಸಾಲಾಗಿ ಬಂದವು. ಮಂತ್ರಿಗಳು ಬಂದರು, ಟೀವಿಯವರು ಬಂದರು, ಸಂಶೋಧಕರೂ ಬಂದರು. ಒಂದೇ ಮನೆಗೆ ಬೇರೆ ಬೇರೆ ತಂಡದವರು ಬಂದು ಅದದೇ ಪ್ರಶ್ನೆ ಕೇಳಿದರು. ಹೆಂಡತಿ ತೀರಿಹೋದವನ ಹತ್ತಿರ ಕೂತು "ಕಾಡಿಗೆ ವಾರಕ್ಕೆ ಎಷ್ಟು ಸಲ" ಎಂದು ಕೇಳುವುದು ಅಂದರೆ ಏನು ಹೇಳೋಣ.

ಸಂಶೋಧನೆ ಬೇಡ ಎನ್ನುತ್ತಿಲ್ಲ. ಆದರೆ 1957ರಿಂದ ಸಂಶೋಧನೆ ನಡೆಯುತ್ತಿರುವ ಕಾಯಿಲೆಗೆ ಇವತ್ತು ನಮ್ಮ ಪಿಎಚ್‌ಸಿಯಲ್ಲಿ ಲಸಿಕೆ ಇಲ್ಲ. ಇದಕ್ಕೆ ಯಾರಾದರೂ ಉತ್ತರ ಕೊಡಿ, ಆಮೇಲೆ ರಕ್ತ ಕೇಳಿ.

ಲ್ಯಾಬ್ ಕೋಟು

ನಾನು ಮೈಕ್ರೋಬಯಾಲಜಿಯಲ್ಲಿ ಪಿಎಚ್‌ಡಿ ಮಾಡುತ್ತಿರುವ ತೀರ್ಥಹಳ್ಳಿ ಹುಡುಗಿ. ನನ್ನ ವಿಷಯ ಮಂಗನ ಕಾಯಿಲೆ ಅಲ್ಲ. ಆದರೆ ಇಂಥ ಕಾಗದಗಳನ್ನು ನಾವೂ ತಯಾರು ಮಾಡುತ್ತೇವೆ, ಹಾಗಾಗಿ ಹೇಳುತ್ತೇನೆ.

ಕೊಟ್ಟಿಗೆಮನೆಯವರ ಎರಡನೇ ಪ್ರಶ್ನೆಗೆ ಮೊದಲು. ಕೊಡದಿದ್ದರೆ ಏನೂ ತೊಂದರೆ ಆಗಬಾರದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ 2017ರ ನೀತಿ ಮಾರ್ಗಸೂಚಿಯಲ್ಲಿ ಇದು ಸ್ಪಷ್ಟವಾಗಿ ಇದೆ. ಒಪ್ಪದಿದ್ದರೂ, ಒಪ್ಪಿ ಮಧ್ಯದಲ್ಲಿ ಬಿಟ್ಟರೂ, ನಿಮಗೆ ಸಿಗಬೇಕಾದ ಚಿಕಿತ್ಸೆ ತಪ್ಪಬಾರದು. ಅಧ್ಯಯನಕ್ಕೆ ರಕ್ತ ಕೊಡುವುದೇ ಬೇರೆ, ಜ್ವರ ಬಂದಾಗ ಪರೀಕ್ಷೆಗೆ ಕೊಡುವುದೇ ಬೇರೆ. ಜ್ವರದ ರಕ್ತ ಪರೀಕ್ಷೆ ನಿಮ್ಮ ಚಿಕಿತ್ಸೆಗಾಗಿ. ಅದರ ರಿಪೋರ್ಟ್ ನಿಮಗೆ ಬರಲೇಬೇಕು. ಅಧ್ಯಯನದ ರಕ್ತದಲ್ಲಿ ಸಾಮಾನ್ಯವಾಗಿ ನೋಡುವುದು ಹಿಂದೆ ಯಾವಾಗಲಾದರೂ ಸೋಂಕು ತಗುಲಿತ್ತಾ ಎಂದು. ಜ್ವರವೇ ಬರದೆ ಸೋಂಕು ಬಂದು ಹೋದವರು ಎಷ್ಟಿದ್ದಾರೆ ಎಂದು ತಿಳಿಯಲು ಬೇರೆ ದಾರಿ ಇಲ್ಲ.

ಆ ಎರಡು ಹಾಳೆ ಕನ್ನಡದಲ್ಲಿ ಇದೆಯಾ? ಅದನ್ನು ಮೊದಲು ನೋಡಿ. ಅಧ್ಯಯನ ನ್ಯಾಯವಾಗಿ ನಡೆಯುತ್ತದಾ ಎಂದು ನೋಡುವ ನೀತಿ ಸಮಿತಿಯ ಫೋನ್ ನಂಬರ್ ಇರಬೇಕು. ಉಳಿದ ರಕ್ತ ಇಟ್ಟುಕೊಂಡು ಮುಂದೆ ಬೇರೆ ಅಧ್ಯಯನಕ್ಕೆ ಬಳಸಬಹುದಾ ಎಂದು ಬೇರೆಯಾಗಿ ಕೇಳಿರಬೇಕು. ಅದಕ್ಕೆ ಬೇಡ ಎಂದು ಹೇಳಿ ಉಳಿದದ್ದಕ್ಕೆ ಒಪ್ಪಬಹುದು. ಹೊರದೇಶದ ಸಂಸ್ಥೆ ಜೊತೆಗಿದ್ದರೆ ಅದೂ ಬರೆದಿರಬೇಕು. ಅಂಥ ಅಧ್ಯಯನಕ್ಕೆ ಕೇಂದ್ರ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಒಪ್ಪಿಗೆ ಬೇಕು.

ಶರಾವತಿ ಹಿನ್ನೀರು ಅಣ್ಣ, ನಿಮ್ಮ ಸಿಟ್ಟು ನ್ಯಾಯವಾದದ್ದೇ. ಲಸಿಕೆ ವಿಷಯ ಸಾವಕಾಶವಾಗಿ ಬರೆಯುತ್ತೇನೆ, ಅದು ಉದ್ದದ ಕಥೆ.

ನಿವೃತ್ತ ಮೇಷ್ಟ್ರು, ಸಾಗರ

ಹಳೆಯ ಕಥೆ ಸ್ವಲ್ಪ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಅದು ಗೊತ್ತಿಲ್ಲದೆ ಇವತ್ತಿನ ಜಗಳ ಅರ್ಥವಾಗುವುದಿಲ್ಲ.

ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಸುತ್ತ 1957ರ ಮೊದಲ ತಿಂಗಳುಗಳಲ್ಲಿ ಮಂಗಗಳು ಸಾಯುತ್ತಿದ್ದವು. ಜನರಿಗೂ ಜ್ವರ. ಪುಣೆಯಲ್ಲಿ ಆಗ ವೈರಸ್ ರಿಸರ್ಚ್ ಸೆಂಟರ್ ಇತ್ತು. 1952ರಲ್ಲಿ ಐಸಿಎಂಆರ್ ಮತ್ತು ಅಮೆರಿಕದ ರಾಕ್‌ಫೆಲ್ಲರ್ ಫೌಂಡೇಶನ್ ಸೇರಿ ಶುರುಮಾಡಿದ್ದು. ಈಗ ಎನ್ಐವಿ (ರಾಷ್ಟ್ರೀಯ ವೈರಾಣು ಸಂಸ್ಥೆ) ಎನ್ನುತ್ತಾರಲ್ಲ, ಅದೇ. ಮಂಗ ಸಾಯುತ್ತಿದೆ, ಜನರಿಗೆ ರಕ್ತಸ್ರಾವ ಆಗುತ್ತಿದೆ ಎಂದ ಕೂಡಲೇ ಅವರಿಗೆ ಬಂದ ಭಯ ಹಳದಿ ಜ್ವರದ್ದು. ಆಫ್ರಿಕಾ, ದಕ್ಷಿಣ ಅಮೆರಿಕದಲ್ಲಿರುವ ಆ ಕಾಯಿಲೆ ಏಷ್ಯಾಕ್ಕೆ ಕಾಲಿಟ್ಟರೆ ಗತಿ ಏನು? ಓಡಿ ಬಂದರು. ನೋಡಿದರೆ ಹಳದಿ ಜ್ವರ ಅಲ್ಲ. ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಬರುವ ಮಿದುಳು ಜ್ವರದ ಸಂಬಂಧಿ. ಜಗತ್ತಿಗೇ ಹೊಸ ವೈರಸ್.

ಆಮೇಲೆ ನಮ್ಮ ಸಾಗರದಲ್ಲೇ ಅವರ ಫೀಲ್ಡ್ ಸ್ಟೇಷನ್ ಆಯಿತು. ಕಾಡಲ್ಲಿ ಬಿಳಿ ಬಟ್ಟೆ ಎಳೆದುಕೊಂಡು ಹೋಗಿ ಅದಕ್ಕೆ ಅಂಟಿದ ಉಣುಗನ್ನು ಹೆಕ್ಕುವುದು, ಇಲಿ ಹಿಡಿಯುವುದು, ಹಕ್ಕಿ ಹಿಡಿಯುವುದು, ಸತ್ತ ಮಂಗ ಹುಡುಕುವುದು. ಈ ಕೆಲಸದಲ್ಲಿ ಊರಿನ ಹುಡುಗರೇ ಇದ್ದರು. ಲ್ಯಾಬಿನ ಸಿಬ್ಬಂದಿಗೂ ಕಾಯಿಲೆ ತಗುಲಿತು. ಸುಮ್ನೆ ಕೂತು ಸಂಬಳ ತೆಗೆದುಕೊಂಡವರಲ್ಲ ಅವರು. ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣುಗೇ ಮುಖ್ಯ ಅಪರಾಧಿ ಎಂದು ಹಿಡಿದದ್ದು ಈ ಕೆಲಸವೇ. ಕೆಂಪು ಮೂತಿಯ ಮಂಗ, ಕಪ್ಪು ಮೂತಿಯ ಮುಸುವ ಎರಡಕ್ಕೂ ರೋಗ ಬರುತ್ತದೆ, ಸತ್ತ ಮಂಗದ ಮೈಯಿಂದ ಉದುರಿದ ಉಣುಗುಗಳೇ ಆ ಜಾಗವನ್ನು ಅಪಾಯದ ಜಾಗ ಮಾಡುತ್ತವೆ, ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಇವತ್ತು ಆಶಾ ಕಾರ್ಯಕರ್ತೆ ಮನೆ ಬಾಗಿಲಲ್ಲಿ ನಿಂತು ಹೇಳುವ ಪ್ರತಿ ಮಾತೂ ಆ ಕಾಲದ ಹುಡುಕಾಟದಿಂದ ಬಂದದ್ದು.

ಹಾಗಾಗಿ "ಏನೂ ವಾಪಸ್ ಬರಲಿಲ್ಲ" ಎನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಬಂದಿದೆ. ಯಾರ ಊರಿನಿಂದ ಹೋಗಿತ್ತೋ ಅವರಿಗೆ ಹೇಳಿ ಕೊಡಲಿಲ್ಲ, ಅದು ನಿಜ.

ಬೆಂಗ್ಳೂರ್ ಮಲ್ನಾಡಿಗ

ಮೇಷ್ಟ್ರೇ, ರಾಕ್‌ಫೆಲ್ಲರ್, ಅಮೆರಿಕ ಅಂತ ನೀವೇ ಹೇಳಿದಿರಿ. ಈ ವೈರಸ್ಸನ್ನು ಅವರೇ ತಂದು ಬಿಟ್ಟರು ಅಂತ ವಾಟ್ಸಾಪಿನಲ್ಲಿ ಓಡಾಡುತ್ತಿದೆಯಲ್ಲ. ಬೆಂಕಿ ಇಲ್ಲದೆ ಹೊಗೆ ಬರುತ್ತದಾ?

ನಿವೃತ್ತ ಮೇಷ್ಟ್ರು, ಸಾಗರ

ಹೊಗೆ ಎಲ್ಲಿಂದ ಬಂತು ಎಂದು ಹೇಳುತ್ತೇನೆ ಕೇಳಿ ಮಾರಾಯ್ರೆ.

ವೈರಸ್ ರಷ್ಯಾದ ಕಾಯಿಲೆಯ ಸಂಬಂಧಿ ಎಂದು ಗೊತ್ತಾದಾಗ, ವಲಸೆ ಹಕ್ಕಿಗಳ ಮೈಮೇಲಿನ ಉಣುಗಿನ ಜೊತೆ ಅದು ಇಲ್ಲಿಗೆ ಬಂದಿರಬಹುದಾ ಎಂಬ ಅನುಮಾನ ಎದ್ದಿತು. ಹಕ್ಕಿಗಳ ಕಾಲಿಗೆ ಉಂಗುರ ಹಾಕಿ ದಾರಿ ತಿಳಿಯುವ ಕೆಲಸ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಬಂತು. ಪಕ್ಷಿತಜ್ಞ ಸಲೀಂ ಅಲಿ ಅವರು ಅದನ್ನು ನಡೆಸಿದರು. ಮೊದಲು ವಿಶ್ವ ಆರೋಗ್ಯ ಸಂಸ್ಥೆಯ ಹಣ, ಆಮೇಲೆ ಅಮೆರಿಕದ ಸೇನೆಯ ಒಂದು ಯೋಜನೆಯ ಹಣ. ಎಪ್ಪತ್ತರ ದಶಕದಲ್ಲಿ ಇದು ಪತ್ರಿಕೆಯಲ್ಲಿ ಬಂದು ದೊಡ್ಡ ಗಲಾಟೆ ಆಯಿತು. ದೆಹಲಿ ಸುತ್ತ ಸೊಳ್ಳೆಗಳ ಮೇಲೆ ನಡೆಯುತ್ತಿದ್ದ ಇನ್ನೊಂದು ಪ್ರಯೋಗವನ್ನೂ ಸೇರಿಸಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ 1975ರಲ್ಲಿ ಖಾರವಾದ ವರದಿ ಕೊಟ್ಟಿತು. ಸೊಳ್ಳೆ ಪ್ರಯೋಗ ಅದೇ ವರ್ಷ ನಿಂತುಹೋಯಿತು.

ಸಮಿತಿ ಕೇಳಿದ ಪ್ರಶ್ನೆ ಸರಿಯಾಗಿತ್ತು. ಹಣ ಯಾರದ್ದು, ಮಾಹಿತಿ ಯಾರಿಗೆ ಹೋಗುತ್ತದೆ, ನಮ್ಮ ಆರೋಗ್ಯಕ್ಕೆ ಇದರಿಂದ ಏನು? ಬಡ ದೇಶದಲ್ಲಿ ಸಿರಿವಂತ ದೇಶದ ಸೇನೆ ಕಾಯಿಲೆ ಅಧ್ಯಯನಕ್ಕೆ ಹಣ ಕೊಟ್ಟರೆ ಹೀಗೆ ಕೇಳಲೇಬೇಕು ಅಲ್ವಾ? ಆದರೆ ಅದರಿಂದ "ವೈರಸ್ ತಂದು ಬಿಟ್ಟರು" ಎಂಬಲ್ಲಿಗೆ ಹಾರುವುದು ತಪ್ಪು. ಮುಂದೆ ಅದರ ಹತ್ತಿರದ ನೆಂಟ ಸಿಕ್ಕಿದ್ದು ರಷ್ಯಾದಲ್ಲೂ ಅಲ್ಲ, ಅಮೆರಿಕದಲ್ಲೂ ಅಲ್ಲ. ತೊಂಬತ್ತರ ದಶಕದಲ್ಲಿ ಸೌದಿ ಅರೇಬಿಯಾದಲ್ಲಿ ಸಿಕ್ಕ ಅಲ್‌ಖುರ್ಮಾ ವೈರಸ್. ಮುಚ್ಚಿಟ್ಟು ಕೆಲಸ ಮಾಡಿದರೆ ಐವತ್ತು ವರ್ಷ ಆದರೂ ಜನ ನಂಬುವುದಿಲ್ಲ, ನಿಮ್ಮ ವಾಟ್ಸಾಪೇ ಅದಕ್ಕೆ ಸಾಕ್ಷಿ.

ಲ್ಯಾಬ್ ಕೋಟು

ಮೇಷ್ಟ್ರು ಹೇಳಿದ್ದಕ್ಕೆ ಹತ್ತಿರದ ಕಾಲದ ಒಂದು ಉದಾಹರಣೆ ಸೇರಿಸುತ್ತೇನೆ. 2009ರಲ್ಲಿ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರದಲ್ಲಿ ಹೆಣ್ಣುಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಕೊಡುವ ಅಧ್ಯಯನ ನಡೆಯಿತು. ಲಸಿಕೆಯಲ್ಲಿ ದೋಷ ಇದೆ ಎಂದು ಸಾಬೀತಾಗಲಿಲ್ಲ. ಆದರೆ ಎಷ್ಟೋ ಕಡೆ ಅಪ್ಪ-ಅಮ್ಮನ ಬದಲು ಹಾಸ್ಟೆಲ್ ವಾರ್ಡನ್, ಹೆಡ್‌ಮಾಸ್ಟರ ಸಹಿ ಹಾಕಿಸಿಕೊಂಡಿದ್ದರು. 2010ರಲ್ಲಿ ನಿಲ್ಲಿಸಿದರು, 2013ರಲ್ಲಿ ಸಂಸದೀಯ ಸಮಿತಿ ಛೀಮಾರಿ ಹಾಕಿತು. ಒಳ್ಳೆಯ ಲಸಿಕೆಗೂ ಅದರಿಂದ ಕೆಟ್ಟ ಹೆಸರು ಬಂತು. 2019ರ ಹೊಸ ಔಷಧ ಮತ್ತು ಪ್ರಯೋಗ ನಿಯಮಗಳಲ್ಲಿ ಹಾನಿಯಾದರೆ ಪರಿಹಾರ, ಚಿಕಿತ್ಸೆ ಎಂದೆಲ್ಲ ಬಂದಿರುವುದರ ಹಿಂದೆ ಇಂಥ ಗಲಾಟೆಗಳೇ ಇವೆ.

ಈಗ ಮಂಗನ ಕಾಯಿಲೆ ಲಸಿಕೆಗೆ ಬರೋಣ. ಆರಂಭದಲ್ಲಿ ರಷ್ಯಾದ ಮಿದುಳು ಜ್ವರದ ಲಸಿಕೆಯನ್ನೇ ಇಲ್ಲಿನ ಹಳ್ಳಿಗಳಲ್ಲಿ ಹಾಕಿ ನೋಡಿದ್ದರು. ಸಂಬಂಧಿ ತಾನೇ, ಕೆಲಸ ಮಾಡಬಹುದು ಎಂದು. ಮಾಡಲಿಲ್ಲ. ಆಮೇಲೆ ಕೋಳಿ ಭ್ರೂಣದ ಜೀವಕೋಶಗಳಲ್ಲಿ ವೈರಸ್ ಬೆಳೆಸಿ, ಫಾರ್ಮಲಿನ್ ಹಾಕಿ ಸಾಯಿಸಿ ಮಾಡಿದ ಲಸಿಕೆ ಬಂತು. ನಮ್ಮ ರಾಜ್ಯದಲ್ಲೇ ತಯಾರಾಗುತ್ತಿತ್ತು. ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಆಮೇಲೆ ಐದು ವರ್ಷ ವರ್ಷಕ್ಕೊಂದು. ಚುಚ್ಚಿದ ಜಾಗ ಸಿಕ್ಕಾಪಟ್ಟೆ ನೋಯುತ್ತಿತ್ತು. ಅಡಿಕೆ ಕೊಯ್ಲಿನ ಟೈಮಲ್ಲಿ ಎರಡು ದಿನ ಕೈ ಎತ್ತಲು ಆಗದಿದ್ದರೆ ಕೂಲಿ ಯಾರು ಕೊಡುತ್ತಾರೆ? ಎರಡನೇ ಡೋಸಿಗೆ ಬರುವವರು ಕಡಿಮೆ, ಬೂಸ್ಟರಿಗೆ ಇನ್ನೂ ಕಡಿಮೆ.

2005ರಿಂದ 2010ರ ದಾಖಲೆ ನೋಡಿ ಒಂದು ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಎರಡು ಡೋಸಿನಿಂದ ಸಿಕ್ಕ ರಕ್ಷಣೆ 62.4%, ಬೂಸ್ಟರ್ ಸೇರಿದರೆ 82.9%. ತೊಂಬತ್ತರ ದಶಕದ ಆರಂಭದ ಅಧ್ಯಯನದಲ್ಲಿ ಎರಡು ಡೋಸಿಗೇ 90%ಕ್ಕಿಂತ ಹೆಚ್ಚು ಎಂದು ಬಂದಿತ್ತು. ಎಲ್ಲೋ ಏನೋ ಕುಸಿದಿದೆ ಎಂದು ಆಗಲೇ ಕಾಣುತ್ತಿತ್ತು. ಲಸಿಕೆಯ ಸಾಮರ್ಥ್ಯದ ಬಗ್ಗೆ ಪ್ರಶ್ನೆಗಳು ಜಾಸ್ತಿಯಾಗಿ 2022ರಲ್ಲಿ ಕೊಡುವುದೇ ನಿಂತಿತು. ಈಗ ಐಸಿಎಂಆರ್ ಜೊತೆ ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಹೊಸ ಲಸಿಕೆ ಮಾಡುತ್ತಿದೆ.

ಗಮನಿಸಿ, ಲಸಿಕೆ ಕುಸಿದಿದೆ ಎಂದು ಹೇಳಿದ್ದೂ ಸಂಶೋಧನೆಯೇ. ಹೇಳಿದ ಮೇಲೆ ಕೇಳಿಸಿಕೊಳ್ಳಲು ಒಂಬತ್ತು ವರ್ಷ ಹಿಡಿಯಿತು. ನನ್ನ ಸಿಟ್ಟು ಅಲ್ಲಿದೆ.

ಶರಾವತಿ ಹಿನ್ನೀರು

ಒಂಬತ್ತು ವರ್ಷದ ಮಧ್ಯದಲ್ಲೇ ಅರಳಗೋಡು ಬಂತು ತಂಗಿ.

ದನದ ಡಾಕ್ಟ್ರು

ಎಲ್ಲರೂ ರಕ್ತದ ಬಗ್ಗೆಯೇ ಮಾತಾಡುತ್ತಿದ್ದೀರಿ. ದನದ ಉಣುಗು ಯಾಕೆ ಕೇಳಿದರು ಎಂದು ಯಾರೂ ಹೇಳಲಿಲ್ಲ. ನನಗೆ ಅದೇ ಮುಖ್ಯ ಅನಿಸುತ್ತದೆ.

ಈ ಉಣುಗು ಹುಟ್ಟಿದಾಗಿಂದ ಸಾಯುವವರೆಗೆ ಮೂರು ಸಲ ರಕ್ತ ಕುಡಿಯುತ್ತದೆ. ಮಳೆ ನಿಂತ ಮೇಲೆ ಮೊಟ್ಟೆಯೊಡೆದು ಬಂದ ಮರಿ ಇಲಿ, ಹಕ್ಕಿ, ಮಂಗ ಹೀಗೆ ಸಿಕ್ಕಿದ್ದನ್ನು ಹಿಡಿಯುತ್ತದೆ. ಎರಡನೇ ಹಂತ ಸಾಸಿವೆ ಕಾಳಿಗಿಂತ ಸಣ್ಣದು, ಮೈಮೇಲೆ ಹತ್ತಿದರೂ ಗೊತ್ತಾಗುವುದಿಲ್ಲ. ಮನುಷ್ಯರನ್ನು ಕಚ್ಚುವುದು ಹೆಚ್ಚಾಗಿ ಇದೇ. ಡಿಸೆಂಬರಿನಿಂದ ಮೇವರೆಗೆ ಇದರ ಕಾಲ. ನಾವು ದರಗು ಗುಡಿಸುವುದು, ಸೊಪ್ಪು ಕಡಿಯುವುದು, ಸೌದೆ ತರುವುದು ಎಲ್ಲ ಅದೇ ತಿಂಗಳುಗಳಲ್ಲಿ. ಬೆಳೆದ ಉಣುಗು ಮಳೆಗಾಲದಲ್ಲಿ ದನದಂಥ ದೊಡ್ಡ ಪ್ರಾಣಿ ಹುಡುಕುತ್ತದೆ, ರಕ್ತ ಕುಡಿದು ಕೆಳಗೆ ಬಿದ್ದು ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ದನಕ್ಕೆ ಈ ಕಾಯಿಲೆ ಬರುವುದಿಲ್ಲ. ಆದರೆ ಕಾಡಿಗೆ ಮೇಯಲು ಬಿಟ್ಟ ಮಲೆನಾಡು ಗಿಡ್ಡ ತಳಿಯ ದನ ಉಣುಗಿಗೆ ಊಟ ಹಾಕುತ್ತದೆ.

2020ರಲ್ಲಿ ಭಾರತ ಮತ್ತು ಬ್ರಿಟನ್ ಸಂಶೋಧಕರು ಸೇರಿ ಮಾಡಿದ ಒಂದು ನಕ್ಷೆಯ ಅಧ್ಯಯನ ಬಂತು. ಅದರಲ್ಲಿ ನನಗೆ ಹಿಡಿಸಿದ ವಿಷಯ, ಆರೋಗ್ಯ, ಪಶುವೈದ್ಯ, ಅರಣ್ಯ ಇಲಾಖೆಯವರನ್ನು ಮೊದಲೇ ಕೂರಿಸಿಕೊಂಡು ನಿಮಗೆ ಏನು ಗೊತ್ತಿರಬೇಕು ಎಂದು ಕೇಳಿದ್ದರು. ದಟ್ಟ ನಿತ್ಯಹರಿದ್ವರ್ಣ ಕಾಡೂ ತೋಟವೂ ಕಲೆತಿರುವಲ್ಲಿ, ನಾಡತಳಿ ದನ ಹೆಚ್ಚಿರುವಲ್ಲಿ ಅಪಾಯ ಜಾಸ್ತಿ ಎಂದು ಕಂಡಿತು. ನಮ್ಮ ಊರುಗಳೇ ಅಲ್ವಾ ಅವು? ಕಾಡಿನ ಅಂಚಿಗೆ ತೋಟ, ತೋಟದ ಮೇಲೆ ಸೊಪ್ಪಿನಬೆಟ್ಟ, ಮನೆಗೆ ಅಂಟಿ ಕೊಟ್ಟಿಗೆ. 1982-83ರಲ್ಲಿ ದಕ್ಷಿಣ ಕನ್ನಡದಲ್ಲಿ ಗೇರು ತೋಟಕ್ಕೆಂದು ಕಾಡು ಕಡಿದ ಜಾಗದಲ್ಲಿ ಸಾವಿರಕ್ಕೂ ಹೆಚ್ಚು ಜನ ಮಲಗಿದ್ದರು, ನೂರಕ್ಕೂ ಹೆಚ್ಚು ಸಾವು. ಕಾಡು ಒಡೆದಲ್ಲಿ ಈ ಕಾಯಿಲೆ ಹೊರಗೆ ಬರುತ್ತದೆ ಎಂಬ ಮಾತು ಅಲ್ಲಿಂದ ಗಟ್ಟಿಯಾಯಿತು.

ಉಣುಗು ಕೊಡಿ. ಅದರಿಂದ ನಿಮಗೆ ಒಂದು ಹನಿ ರಕ್ತವೂ ಖರ್ಚಿಲ್ಲ, ದನಕ್ಕೂ ಖುಷಿ.

ಬೆಂಗ್ಳೂರ್ ಮಲ್ನಾಡಿಗ

ಹಾಗಾದರೆ ದನ ಸಾಕುವುದೇ ಬಿಡಿ ಎನ್ನುತ್ತೀರಾ ಡಾಕ್ಟ್ರೇ? ನಾಳೆ ಅರಣ್ಯ ಇಲಾಖೆ ಇದನ್ನೇ ಹಿಡಿದು ಮೇಯಿಸಲು ಬಿಡುವುದಿಲ್ಲ.

ದನದ ಡಾಕ್ಟ್ರು

ಹಾಗೆ ಹೇಳಲಿಲ್ಲ. ಬೆನ್ನ ಮೇಲೆ ಸುರಿಯುವ ಔಷಧ ಇದೆ, ಮೈತೊಳೆಯುವ ಔಷಧ ಇದೆ, ಕಾಲಕ್ಕೆ ಸರಿಯಾಗಿ ಹಾಕಿಸಿ. ನಿಮ್ಮ ಭಯ ಸುಳ್ಳಲ್ಲ. ಅಧ್ಯಯನದ ಒಂದು ಸಾಲು ಹಿಡಿದು ಬಡವರ ದನದ ಮೇಲೆ ಬೀಳುವುದು ಸುಲಭ. ದೊಡ್ಡ ಪ್ಲಾಂಟೇಶನ್ ಮೇಲೆ ಬೀಳುವುದು ಕಷ್ಟ. ಎರಡೂ ಅದೇ ಅಧ್ಯಯನದಲ್ಲಿವೆ.

ಹೆಸರು ಬೇಡ

ನಾನು ಬರೆಯಲೋ ಬೇಡವೋ ಎಂದು ನೋಡುತ್ತಿದ್ದೆ. ಸಾಗರ ತಾಲೂಕಿನವನು. ಹಂದಿಗೋಡು ಕಾಯಿಲೆ ಇರುವ ಮನೆಗಳು ನಮ್ಮ ಬಳಗದಲ್ಲಿವೆ.

ಮಂಗನ ಕಾಯಿಲೆಗೆ ಕನಿಷ್ಠ ಎಲ್ಲರೂ ಹೆದರುತ್ತಾರೆ. ಎಲ್ಲ ಜಾತಿಯವರಿಗೂ ಬರುತ್ತದೆ. ಹಂದಿಗೋಡು ಹಾಗಲ್ಲ. 1974-75ರ ಹೊತ್ತಿಗೆ ಹೊರಗಿನವರ ಕಣ್ಣಿಗೆ ಬಿತ್ತು. ಸೊಂಟದ ಕೀಲು, ಮಂಡಿ ಸವೆದು ಎಷ್ಟೋ ಜನ ಕೋಲು ಹಿಡಿದರು, ಕೆಲವರು ತೆವಳಿದರು. ಕೆಲವರು ಕುಳ್ಳಗೇ ಉಳಿದರು. ಬಂದದ್ದು ಹೆಚ್ಚಾಗಿ ದಲಿತ ಕೇರಿಗಳಲ್ಲಿ. ಹೈದರಾಬಾದಿನ ಪೋಷಣಾ ಸಂಸ್ಥೆಯವರು ಬಂದರು, ಐಸಿಎಂಆರ್‌ನವರು ಬಂದರು. ಮೊದಲು ಗದ್ದೆಯ ಏಡಿ ತಿಂದದ್ದರಿಂದ ಎಂದರು. ಗದ್ದೆಗೆ ಹೊಡೆದ ಕೀಟನಾಶಕ ಏಡಿಯ ಮೂಲಕ ಒಳಗೆ ಹೋಯಿತು ಎಂಬ ಅನುಮಾನ. ಆಮೇಲೆ ಇದು ವಂಶದಲ್ಲಿ ಇಳಿದು ಬರುವ ಮೂಳೆ ರೋಗ ಎಂದರು. ಎಕ್ಸ್‌ರೇ ತೆಗೆದರು, ವಂಶವೃಕ್ಷ ಬರೆದುಕೊಂಡರು, ರಕ್ತ ತೆಗೆದುಕೊಂಡು ಹೋದರು.

ಹೆಸರು ಬಂತು, ಪುಸ್ತಕಕ್ಕೆ ಸೇರಿತು. ನಮ್ಮ ಹಳ್ಳಿಯ ಹೆಸರೇ ಒಂದು ರೋಗದ ಹೆಸರಾಯಿತು. ಅದರಿಂದ ನಮಗೆ ಸಿಕ್ಕ ಮೊದಲ ಲಾಭ, ಹೆಣ್ಣು ಕೇಳಲು ಹೋದರೆ ಬಾಗಿಲು ಹಾಕುವುದು.

ಜೀನ್ ಹುಡುಕುವುದು ತಪ್ಪು ಎನ್ನುವುದಿಲ್ಲ. ಆದರೆ ಕಾರಣ ಹುಡುಕುವ ವರ್ಷಗಳಲ್ಲಿ ಕೀಲು ಬದಲಿಸುವ ಆಪರೇಷನ್ನು, ಗಾಲಿಕುರ್ಚಿ, ಪಿಂಚಣಿಗೆ ಜನ ಕಚೇರಿಯಿಂದ ಕಚೇರಿಗೆ ಅಲೆದರು. ಸಂಶೋಧನೆಯ ಹಣ ಒಂದು ಪೆಟ್ಟಿಗೆಯಿಂದ, ಚಿಕಿತ್ಸೆಯ ಹಣ ಇನ್ನೊಂದು ಪೆಟ್ಟಿಗೆಯಿಂದ. ಎರಡು ಪೆಟ್ಟಿಗೆಯವರು ಒಬ್ಬರನ್ನೊಬ್ಬರು ನೋಡಿಯೇ ಇಲ್ಲ ಎನ್ನುವಂತೆ ಇತ್ತು.

ಕೊಟ್ಟಿಗೆಮನೆಯವರೇ, ನಿಮ್ಮ ಊರಿನ ಹೆಸರು ವರದಿಯಲ್ಲಿ ಹಾಕುತ್ತಾರಾ ಎಂದು ಕೇಳಿ. ಇದನ್ನು ಯಾರೂ ಕೇಳುವುದಿಲ್ಲ.

ಲ್ಯಾಬ್ ಕೋಟು

ನೀವು ಬರೆದದ್ದು ಒಳ್ಳೆಯದಾಯಿತು. ವ್ಯಕ್ತಿಯ ಹೆಸರು ಮುಚ್ಚಿಡಬೇಕು ಎಂದು ನಮಗೆ ಕಲಿಸುತ್ತಾರೆ. ಊರಿನ ಹೆಸರಿನಿಂದ ಇಡೀ ಕೇರಿಗೆ ಆಗುವ ತೊಂದರೆಯ ಬಗ್ಗೆ ಕ್ಲಾಸಿನಲ್ಲಿ ಅಷ್ಟು ಮಾತಾಡುವುದಿಲ್ಲ. ರೋಗಗಳಿಗೆ ಊರಿನ ಹೆಸರು ಇಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2015ರಲ್ಲಿ. ಕ್ಯಾಸನೂರಿಗೂ ಹಂದಿಗೋಡಿಗೂ ಅಷ್ಟು ಹೊತ್ತಿಗೆ ತಡವಾಗಿತ್ತು.

ಹಣದ ವಿಷಯ ಬಂದದ್ದರಿಂದ ಒಂದು ಮಾತು. 1990ರಲ್ಲಿ ಒಂದು ಅಂತರರಾಷ್ಟ್ರೀಯ ಆಯೋಗ ಲೆಕ್ಕ ಹಾಕಿತು. ತಡೆಯಬಹುದಾದ ಸಾವಿನ ಹೊರೆಯಲ್ಲಿ 93% ಅಭಿವೃದ್ಧಿಶೀಲ ದೇಶಗಳ ಮೇಲೆ. ಜಗತ್ತಿನ ಆರೋಗ್ಯ ಸಂಶೋಧನೆಯ ಹಣದಲ್ಲಿ ಈ ದೇಶಗಳ ಸಮಸ್ಯೆಗೆಂದೇ ಹೋಗುತ್ತಿದ್ದದ್ದು 5%. ಲೆಕ್ಕ ಹಳೆಯದು, ಈಗ ಭಾರತದ ಹಣವೂ ಸಾಕಷ್ಟು ಇದೆ. ಆದರೂ ಮಂಗನ ಕಾಯಿಲೆಯಂಥದ್ದು ಬಿಟ್ಟುಹೋಗುತ್ತದೆ. ಕಂಪನಿಗೆ ಲಾಭ ಇಲ್ಲ, ಸಿರಿವಂತ ದೇಶಕ್ಕೆ ಭಯ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ನಿರ್ಲಕ್ಷಿತ ರೋಗಗಳ ಪಟ್ಟಿಯಲ್ಲಿ ಡೆಂಗ್ಯೂ ಇದೆ, ಹಾವು ಕಡಿತ 2017ರಲ್ಲಿ ಸೇರಿತು. ನಮ್ಮದು ಅದರಲ್ಲೂ ಇಲ್ಲ. ನಿರ್ಲಕ್ಷಿತರ ಪಟ್ಟಿಯಲ್ಲೂ ನಿರ್ಲಕ್ಷ್ಯ!

ಅದಕ್ಕೇ ಇಲ್ಲಿನವರು ಇಲ್ಲಿಯೇ ಮಾಡುವ ಕೆಲಸ ಮುಖ್ಯ. 2012ರಿಂದೀಚೆಗೆ ಚಾಮರಾಜನಗರ, ವಯನಾಡು, ನೀಲಗಿರಿ, ಗೋವಾ, ಸಿಂಧುದುರ್ಗ ಎಲ್ಲ ಕಡೆ ಇದು ಕಂಡಿತು. ಶಿವಮೊಗ್ಗದ ಕಾಯಿಲೆ ಎಂದು ದೂರ ಇಡುವ ಹಾಗಿಲ್ಲ ಈಗ. ಟ್ರೂನ್ಯಾಟ್ ಯಂತ್ರದಲ್ಲಿ ಇದನ್ನು ಪತ್ತೆ ಮಾಡುವ ಪರೀಕ್ಷೆಯನ್ನು ಎನ್ಐವಿ ಮತ್ತು ಗೋವಾದ ಕಂಪನಿಯೊಂದು ಸೇರಿ ಮಾಡಿವೆ. ಟಿಬಿ, ಕೋವಿಡ್‌ಗೆ ಬಳಸಿದ ಅದೇ ಸಣ್ಣ ಯಂತ್ರ. ಸ್ಯಾಂಪಲ್ ದೂರ ಕಳಿಸಿ ಕಾಯುವ ಕಷ್ಟ ಇದರಿಂದ ಕಡಿಮೆಯಾಗುತ್ತದೆ. ಇದಕ್ಕೂ ಯಾರದೋ ಮನೆಯವರು ಕೊಟ್ಟ ರಕ್ತವೇ ಬೇಕಾಗಿತ್ತು.

ಶರಾವತಿ ಹಿನ್ನೀರು

ತಂಗಿ, ನೀನು ಹೇಳಿದ ಆ ಅಧ್ಯಯನಗಳನ್ನು ನಾನು ಓದಬಹುದಾ? ಅಥವಾ ದುಡ್ಡು ಕೊಡಬೇಕಾ?

ಲ್ಯಾಬ್ ಕೋಟು

ಲಸಿಕೆಯ 2013ರದ್ದು, ನಕ್ಷೆಯ 2020ರದ್ದು ಎರಡೂ ಯಾರು ಬೇಕಾದರೂ ಓದಬಹುದಾದ ಪತ್ರಿಕೆಯಲ್ಲಿವೆ, ಒಂದು ರೂಪಾಯಿ ಬೇಡ. ಐಸಿಎಂಆರ್‌ನ ಪತ್ರಿಕೆಯೂ ಪುಕ್ಕಟೆ. ಬೇರೆ ಎಷ್ಟೋ ಪತ್ರಿಕೆಗಳಿಗೆ ಒಂದು ಲೇಖನಕ್ಕೆ ಎರಡು-ಮೂರು ಸಾವಿರ ಕೇಳುತ್ತಾರೆ. 2025ರ ಜನವರಿಯಿಂದ ಒಂದು ರಾಷ್ಟ್ರ ಒಂದು ಚಂದಾ ಯೋಜನೆಯಲ್ಲಿ ಸರ್ಕಾರಿ ಕಾಲೇಜು, ವಿಶ್ವವಿದ್ಯಾಲಯಗಳಿಗೆ ಸುಮಾರು 13,000 ಪತ್ರಿಕೆ ಸಿಗುತ್ತಿವೆ. ಆದರೆ ಅದು ಸಂಸ್ಥೆಯೊಳಗಿನವರಿಗೆ. ರಕ್ತ ಕೊಟ್ಟವರಿಗೆ ಅಲ್ಲ. ಮತ್ತೆ ಎಲ್ಲವೂ ಇಂಗ್ಲಿಷಿನಲ್ಲಿ. 2013ರದ್ದನ್ನು ಎರಡು ಪುಟ ಕನ್ನಡ ಮಾಡಿ ಇಲ್ಲೇ ಹಾಕುತ್ತೇನೆ ಅಣ್ಣ, ಪರೀಕ್ಷೆ ಮುಗಿಯಲಿ.

ಆಶಾ ಕೆಲಸ

ನಾನೂ ಆಶಾ ಕಾರ್ಯಕರ್ತೆ. ಬೇರೆ ತಾಲೂಕು. ಎಲ್ಲರೂ ದೊಡ್ಡ ದೊಡ್ಡ ವಿಷಯ ಬರೆದಿದ್ದೀರಿ, ನನ್ನದು ಸಣ್ಣದು.

ಯಾವ ತಂಡ ಬಂದರೂ ನಮ್ಮನ್ನೇ ಮುಂದೆ ಬಿಡುತ್ತಾರೆ. ಜನ ನಮ್ಮ ಮುಖ ನೋಡಿ ಹೂಂ ಅನ್ನುತ್ತಾರೆ. ಆಮೇಲೆ ರಿಪೋರ್ಟ್ ಬರಲಿಲ್ಲ ಎಂದರೆ ಕೇಳುವುದೂ ನಮ್ಮನ್ನೇ. "ಏನಾಯ್ತು ಅಕ್ಕಾ ನಮ್ಮ ರಕ್ತ?" ಎಂದು ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಕೇಳುತ್ತಾರೆ. ನನಗೇನು ಗೊತ್ತು. ತಂಡದವರಿಗೆ ಒಂದೇ ಮಾತು ಹೇಳಬೇಕು. ಏನು ಸಿಕ್ಕಿತು ಎಂದು ಒಂದು ಸಂಜೆ ಶಾಲೆಯಲ್ಲಿ ಕೂತು ಹೇಳಿ ಹೋಗಿ. ಏನೂ ಸಿಗಲಿಲ್ಲ ಎಂದರೆ ಅದನ್ನೂ ಹೇಳಿ.

ಕೊಟ್ಟಿಗೆಮನೆ

ಎಲ್ಲರಿಗೂ ವಂದನೆ. ತಂಡ ನಿನ್ನೆ ಬಂದಿತ್ತು. ನಿಮ್ಮ ಪ್ರಶ್ನೆಗಳನ್ನೆಲ್ಲ ಬರೆದುಕೊಂಡು ಕೂತಿದ್ದೆ, ಆದರೆ ಕೇಳಿದ್ದು ಅಪ್ಪಯ್ಯ. ಕವಳ ಹಾಕಿಕೊಂಡು ಜಗಲಿಯಲ್ಲಿ ಕೂರಿಸಿ ಒಂದು ತಾಸು ವಿಚಾರಣೆ ಮಾಡಿದರು.

ಕಾಗದ ಕನ್ನಡದಲ್ಲೇ ಇತ್ತು, ಆದರೆ ಓದಲು ಕಷ್ಟದ ಕನ್ನಡ. ಹೊರದೇಶದ ಸಂಸ್ಥೆ ಇಲ್ಲವಂತೆ. ಊರಿನ ಹೆಸರು ಹಾಕುವುದಿಲ್ಲ, ತಾಲೂಕಿನ ಹೆಸರು ಮಾತ್ರ ಎಂದರು. ಉಳಿದ ರಕ್ತ ಇಟ್ಟುಕೊಳ್ಳುವ ಕಾಲಂ ಇತ್ತು. ಅಪ್ಪಯ್ಯ ಅಲ್ಲಿ ಬೇಡ ಎಂದು ಬರೆಸಿದರು, ಅಮ್ಮ ಇರಲಿ ಎಂದು ಬರೆಸಿದರು. ಇಬ್ಬರೂ ಕೊಟ್ಟರು ಕೊನೆಗೆ. ಫಲಿತಾಂಶ ಮನೆಗೆ ತಿಳಿಸುತ್ತಾರಾ ಎಂದದ್ದಕ್ಕೆ, ಪಿಎಚ್‌ಸಿ ಮೂಲಕ ತಿಳಿಸುತ್ತೇವೆ ಎಂದರು. ಊರಲ್ಲಿ ಕೂತು ಹೇಳುವ ವಿಷಯ ಮಾತ್ರ ಮೇಲಿನವರನ್ನು ಕೇಳಬೇಕಂತೆ. ಅಪ್ಪಯ್ಯ ಅದನ್ನು ಕಾಗದದ ಹಿಂದೆ ಬರೆಸಿ ಆ ಹುಡುಗನ ಸಹಿ ಹಾಕಿಸಿಕೊಂಡಿದ್ದಾರೆ. ಪಾಪ, ಅವನು ಮುಖ ಸಣ್ಣಗೆ ಮಾಡಿಕೊಂಡು ಹಾಕಿದ.

ಗಿಡ್ಡ ದನದ ಕಿವಿಯಿಂದ ಉಣುಗು ಭರ್ತಿ ಒಂದು ಸೀಸೆ ಸಿಕ್ಕಿತು ಡಾಕ್ಟ್ರೇ. ಔಷಧ ಹಾಕಿಸುತ್ತೇನೆ.

ಲ್ಯಾಬ್ ಕೋಟು

ಅಪ್ಪಯ್ಯನವರನ್ನು ನಮ್ಮ ನೀತಿ ಸಮಿತಿಗೆ ಕಳಿಸಿಕೊಡಿ!

ಒಂದು ಎಚ್ಚರ. ಅಧ್ಯಯನಕ್ಕೆ ರಕ್ತ ಕೊಟ್ಟಿದ್ದೇವೆ, ಏನಾದರೂ ಇದ್ದರೆ ಅವರೇ ಹೇಳುತ್ತಾರೆ ಎಂದು ಸುಮ್ಮನಿರಬೇಡಿ. ಕಾಡಿಗೋ ತೋಟಕ್ಕೋ ಹೋಗಿ ಬಂದ ಮೇಲೆ ಮೂರರಿಂದ ಎಂಟು ದಿನದೊಳಗೆ ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಮೈಕೈ ನೋವು, ವಾಂತಿ ಬಂದರೆ ಅದೇ ದಿನ ಪಿಎಚ್‌ಸಿಗೆ ಹೋಗಿ. ವೈರಸ್ ರಕ್ತದಲ್ಲಿ ನೇರವಾಗಿ ಸಿಗುವುದು ಮೊದಲ ವಾರ, ಹತ್ತು ದಿನ ಅಷ್ಟೇ. ಜ್ವರ ಬಿಟ್ಟಿತು ಎಂದು ತೋಟಕ್ಕೆ ಹೋಗಬೇಡಿ. ಒಂದೆರಡು ವಾರದ ನಂತರ ಕೆಲವರಿಗೆ ಮತ್ತೆ ಜ್ವರ ಬರುತ್ತದೆ. ಆಗ ತಲೆಗೆ ಏರುವ ಅಪಾಯ ಇದೆ. ಇದಕ್ಕೆಂದೇ ಔಷಧ ಇಲ್ಲ, ಆದರೆ ಆಸ್ಪತ್ರೆಯಲ್ಲಿ ಸರಿಯಾಗಿ ನೋಡಿಕೊಂಡರೆ ಹೆಚ್ಚಿನವರು ಉಳಿಯುತ್ತಾರೆ. ಸಾವು ನೂರಕ್ಕೆ ಮೂರರಿಂದ ಐದು.

ಶರಾವತಿ ಹಿನ್ನೀರು

ಕೊಟ್ಟಿಗೆಮನೆ, ಆ ಕಾಗದದ ಹಿಂದಿನ ಬರಹದ ಫೋಟೋ ಹಾಕಿ. ಹುಡುಗನ ಸಹಿ ಮುಚ್ಚಿ ಹಾಕಿ. ನಮ್ಮಲ್ಲಿಗೆ ಮುಂದೆ ಯಾರು ಬಂದರೂ ಅದನ್ನೇ ಬರೆಸುತ್ತೇವೆ.

ಆಶಾ ಕೆಲಸ

ಉಣುಗು ಹತ್ತದಂತೆ ತಡೆಯುವ ಡೇಪಾ ಎಣ್ಣೆ ನಮ್ಮ ಪಿಎಚ್‌ಸಿಗೆ ಬಂದಿದೆ, ನಿಮ್ಮಲ್ಲೂ ಕೇಳಿ ನೋಡಿ. ಕಾಡಿಗೆ ಹೋಗುವ ಮೊದಲು ಕೈಕಾಲಿಗೆ ಹಚ್ಚಿಕೊಳ್ಳಬೇಕು, ಮನೆಗೆ ಬಂದ ಮೇಲೆ ಅಲ್ಲ. ಬಂದ ಕೂಡಲೇ ಬಿಸಿನೀರಲ್ಲಿ ಸೋಪು ಹಾಕಿ ಮೀಯಿರಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಮಂಗ ಸತ್ತದ್ದು ಕಂಡರೆ ಹತ್ತಿರ ಹೋಗಬೇಡಿ, ಮಕ್ಕಳನ್ನೂ ಬಿಡಬೇಡಿ. ಫೋನ್ ಮಾಡಿ ತಿಳಿಸಿ, ಎಷ್ಟು ಹೊತ್ತಾದರೂ ಪರವಾಗಿಲ್ಲ.